ಮೊದಲು ಅನ್ನ, ಆಮೇಲೆ ಬೇಳೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ಕ್ರಮ ಇದೆ. ಪುಟ್ಟಿಯ ತಟ್ಟೆಗೆ ಮೊದಲು ಅನ್ನ ಬೀಳಬೇಕು, ಇಲ್ಲಾಂದ್ರೆ ರೊಟ್ಟಿ. ಎಂಟು ಹತ್ತು ತುತ್ತು ಹೊಟ್ಟೆಗೆ ಹೋದ ಮೇಲೆ ಬೇಳೆ, ಕಾಳು, ಮೊಸರು. ಹಾಲು ಕುಡಿಯುವ ಮೊದಲು ಒಂದು ಹಿಡಿ ಮಂಡಕ್ಕಿಯಾದರೂ ತಿನ್ನಬೇಕು. ಬಂದ ನೆಂಟರಿಗೆ ಇದು ವಿಚಿತ್ರ ಅನ್ನಿಸುತ್ತದೆ. "ಏನ್ರಿ, ಮಗೂಗೆ ಬರೀ ಅನ್ನ ಹಾಕ್ತೀರಿ, ಒಂದಿಷ್ಟು ಬೇಳೆ ಹಾಕ್ರಿ, ಗಟ್ಟಿ ಆಗ್ತಾಳೆ" ಅನ್ನುತ್ತಾರೆ. ನಿಂತ ಜಾಗದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಡೀಸೆಲ್ ಪಂಪ್ ರಿಪೇರಿ ಮಾಡುತ್ತೇನೆ. ಲಾರಿ, ಟ್ರ್ಯಾಕ್ಟರ್, ಬೋರ್‌ವೆಲ್ ಗಾಡಿಗಳ ಪಂಪು ಬಿಚ್ಚಿ, ತೊಳೆದು, ಸವೆದಿದ್ದನ್ನು ಬದಲಾಯಿಸಿ, ಟೆಸ್ಟ್ ಬೆಂಚಿಗೆ ಹಾಕಿ ಅಳತೆ ಕೂರಿಸುವ ಕೆಲಸ. ಓದಿದ್ದು ಐಟಿಐ. ಮೈಟೋಕಾಂಡ್ರಿಯ ಅನ್ನುವ ಪದವನ್ನು ಹೈಸ್ಕೂಲಿನಲ್ಲಿ ಒಮ್ಮೆ ಬಾಯಿಪಾಠ ಮಾಡಿದ್ದೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ. ನನ್ನ ಮಗಳ ಜೀವ ಅದರೊಳಗಿನ ಒಂದು ಕಿಣ್ವದ ಮೇಲೆ ನಿಂತಿದೆ ಅಂತ ಗೊತ್ತಾದಾಗ ನನಗೆ ಮೂವತ್ತಾರು ವಯಸ್ಸು.

ಪುಟ್ಟಿ ಹುಟ್ಟಿದ್ದು 2017ರಲ್ಲಿ. ತೂಕ ಸರಿ ಇತ್ತು, ಅಳು ಜೋರಿತ್ತು, ಎದೆಹಾಲು ಕುಡಿದು ಚೆನ್ನಾಗಿ ಬೆಳೆದಳು. ಹತ್ತನೇ ತಿಂಗಳಿನ ತನಕ ಏನೂ ಇಲ್ಲ. ಅವ್ವ ಅವಳಿಗೆ ಮೇಲಿನ ಊಟ ಶುರು ಮಾಡಿಸಿದ್ದಳು. ಹೆಸರುಬೇಳೆ ಮೆತ್ತಗೆ ಬೇಯಿಸಿ, ತುಪ್ಪ ಹಾಕಿ, ಮಸೆದು, ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನಿಸುತ್ತಿದ್ದಳು.

ಆ ದಿನ ಭಾನುವಾರ. ನಾನು ಮನೆಯಲ್ಲೇ ಇದ್ದೆ. ಮಗು ಬೇಳೆ ಪೂರ್ತಿ ತಿಂದಿತ್ತು, ಮೇಲೆ ಎರಡು ಚಮಚ ಗಟ್ಟಿ ಮೊಸರು. ಅವ್ವನಿಗೆ ಖುಷಿಯೋ ಖುಷಿ. ಸುಮಾರು ಒಂದು ಗಂಟೆ ಆಗಿರಬೇಕು, ಚಾಪೆಯ ಮೇಲೆ ಆಡುತ್ತಿದ್ದ ಮಗು ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಬಿಟ್ಟಿತು. ಲೋಟ ಉರುಳಿಕೊಂಡು ಹೋಯಿತು. ಮಗು ಅದರ ಕಡೆ ನೋಡಲೇ ಇಲ್ಲ. ಕಣ್ಣು ಒಂದೇ ಕಡೆ ನೆಟ್ಟಿತ್ತು. ಹಣೆಯಲ್ಲಿ ಬೆವರು, ಕುತ್ತಿಗೆಯ ಮಡಿಕೆಯಲ್ಲಿ ಬೆವರು, ಮೈ ಮುಟ್ಟಿದರೆ ತಣ್ಣಗೆ. ಆಮೇಲೆ ಎಡಗಾಲು ನಡುಗಲು ಶುರುವಾಯಿತು. ಎತ್ತಿಕೊಂಡು ಓಡಿದೆವು. ಆಸ್ಪತ್ರೆಯಲ್ಲಿ ಮೊದಲು ಡ್ರಿಪ್ ಹಾಕಿದರು, ಅದು ಗ್ಲೂಕೋಸ್. ಅರ್ಧ ಗಂಟೆಯಲ್ಲಿ ಮಗು ಏನೂ ಆಗಿಲ್ಲ ಅನ್ನುವ ಹಾಗೆ ಎದ್ದು ಕೂತು ನನ್ನ ಜೇಬಿನ ಪೆನ್ನು ಎಳೆಯಿತು. ಗ್ಲೂಕೋಸ್ ಹೋದದ್ದಕ್ಕೇ ಮಗು ಎದ್ದಿತು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ರಕ್ತ ತೆಗೆದದ್ದು ಡ್ರಿಪ್ ಹಾಕಿದ ಮೇಲೆ, ಆ ಹೊತ್ತಿಗೆ ಸಕ್ಕರೆ ನಾರ್ಮಲ್.

ಫಿಟ್ಸ್ ಅಂದರು. ಔಷಧಿ ಬರೆದುಕೊಟ್ಟರು.

ಆಮೇಲೆ ಹದಿನಾಲ್ಕು ತಿಂಗಳು. ಒಂದು ಸಿರಪ್ ಹೋಗಿ ಇನ್ನೊಂದು, ಡೋಸ್ ಜಾಸ್ತಿ, ಇನ್ನೂ ಜಾಸ್ತಿ. ಮಗು ಮಂಕಾಯಿತು. ನಡೆಯಬೇಕಾದ ವಯಸ್ಸಿನಲ್ಲಿ ನಡೆಯಲಿಲ್ಲ. ಒಮ್ಮೆ ರಕ್ತದ ಅಮೋನಿಯಾ ನೋಡಿದ್ದರು, 112 ಬಂದಿತ್ತು. ಐವತ್ತರೊಳಗೆ ಇರಬೇಕಾದದ್ದು. "ಸ್ಯಾಂಪಲ್ ಲ್ಯಾಬಿಗೆ ಹೋಗುವುದು ತಡವಾಗಿದೆ, ಹಾಗಾದಾಗ ಸುಮ್ನೆ ಜಾಸ್ತಿ ತೋರಿಸುತ್ತೆ" ಅಂದು ಆ ಹಾಳೆಯನ್ನು ಫೈಲಿನ ಹಿಂದಕ್ಕೆ ಹಾಕಿದರು. ಆ ಮಾತು ಸುಳ್ಳಲ್ಲ. ಅಮೋನಿಯಾ ಪರೀಕ್ಷೆಯ ರಕ್ತವನ್ನು ಐಸಿನಲ್ಲಿಟ್ಟು ಬೇಗ ಒಯ್ಯಬೇಕು, ಇಲ್ಲದಿದ್ದರೆ ಸಂಖ್ಯೆ ತಾನೇ ಏರುತ್ತದೆ. ಆದರೆ ಅನುಮಾನ ಬಂದಾಗ ಇನ್ನೊಮ್ಮೆ ಸರಿಯಾಗಿ ತೆಗೆದು ನೋಡಬಹುದಿತ್ತಲ್ಲ. ನೋಡಲಿಲ್ಲ. ಅದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ನಿಜವಾದ ಕೆಲಸ ಮಾಡಿದ್ದು ನನ್ನ ಹೆಂಡತಿ. ಗೋಡೆಯ ಕ್ಯಾಲೆಂಡರಿನಲ್ಲಿ ಮಗು ಬಿದ್ದ ದಿನಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಳು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹೊತ್ತು, ತಿಂದದ್ದು ಏನು ಅಂತ. ಹಾಲು ಬಂತಾ, ಪೇಪರ್ ಬಂತಾ ಅಂತ ಬರೆಯುವ ಅದೇ ಜಾಗದಲ್ಲಿ. ಒಂದು ರಾತ್ರಿ ಎಲ್ಲ ತಿಂಗಳ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಳು. "ರೀ, ಇಲ್ನೋಡ್ರಿ. ಬರೀ ಗಂಜಿ ಕುಡಿದ ದಿನ ಒಂದೂ ಇಲ್ಲ. ಬೇಳೆ, ಮೊಸರು, ಪನೀರ್ ಇದ್ದ ದಿನಾನೇ ಜಾಸ್ತಿ. ಉಳಿದಿದ್ದೆಲ್ಲ ಬೆಳಗಿನ ಜಾವ, ಹೊಟ್ಟೆ ಖಾಲಿ ಇದ್ದಾಗ." ಹದಿನಾಲ್ಕು ತಿಂಗಳಲ್ಲಿ ಯಾವ ಯಂತ್ರವೂ ಹೇಳದ ಮಾತನ್ನು ಕ್ಯಾಲೆಂಡರ್ ಹೇಳಿತು.

ಅದಾಗಿ ಒಂದು ವಾರಕ್ಕೆ ಮತ್ತೆ ಆಯಿತು. ಸಂಜೆ ಪನೀರ್ ತಿಂದಿದ್ದಳು. ಕಣ್ಣು ನೆಟ್ಟಿತು, ಬೆವರು ಕಿತ್ತಿತು. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಮನೆಯಲ್ಲಿ ಗ್ಲೂಕೋಮೀಟರ್ ಇತ್ತು. ಅವತ್ತು ನನಗೆ ಯಾಕೆ ಅದು ನೆನಪಾಯಿತೋ ಗೊತ್ತಿಲ್ಲ, ಹೆಂಡತಿಯ ಮಾತು ತಲೆಯಲ್ಲಿ ತಿರುಗುತ್ತಿತ್ತು ಅಂತ ಕಾಣುತ್ತದೆ. ಆ ಪುಟ್ಟ ಬೆರಳಿಗೆ ಸೂಜಿ ಚುಚ್ಚಿ ಪಟ್ಟಿಗೆ ಹನಿ ಮುಟ್ಟಿಸಿದೆ. ಐದು ಸೆಕೆಂಡ್. 38.

ಅವ್ವನಿಗೆ ಎಪ್ಪತ್ತು ಬಂದರೂ ನಾವು ಗಾಬರಿಯಾಗಿ ಬೆಲ್ಲ ಬಾಯಿಗೆ ಹಾಕುವವರು. ಮಗುವಿಗೆ 38. ಅವಳಿಗೆ ಎಚ್ಚರ ಇತ್ತು, ನುಂಗುತ್ತಿದ್ದಳು, ಹಾಗಾಗಿ ಸಕ್ಕರೆ ನೀರು ಚಮಚದಲ್ಲಿ ಕುಡಿಸಿದೆವು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಮಾತ್ರ ಏನೂ ಹುಯ್ಯಬಾರದು, ಉಸಿರಿಗೆ ಹೋಗುತ್ತದೆ, ಇದು ಆಮೇಲೆ ಕಲಿತದ್ದು. ಹತ್ತು ನಿಮಿಷಕ್ಕೆ ಮಗು "ಅವ್ವಾ" ಅಂತು. ಆ ಮೀಟರಿನ ಪರದೆಯ ಫೋಟೋ ನನ್ನ ಫೋನಿನಲ್ಲಿ ಈಗಲೂ ಇದೆ.

ಫೋಟೋ, ಕ್ಯಾಲೆಂಡರ್ ಹಾಳೆಗಳು ಎರಡನ್ನೂ ಹಿಡಿದುಕೊಂಡು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋದೆವು. ಅಲ್ಲಿ ಮಕ್ಕಳ ಹಾರ್ಮೋನು ನೋಡುವ ಡಾಕ್ಟರ್ ಮೇಡಂ ಒಬ್ಬರು ಕ್ಯಾಲೆಂಡರ್ ಹಾಳೆಗಳನ್ನು ಒಂದೊಂದಾಗಿ ಓದಿದರು. ನಿಧಾನಕ್ಕೆ ಓದಿದರು. ನನ್ನ ಹೆಂಡತಿಯ ಕಣ್ಣಲ್ಲಿ ನೀರು ಬಂದದ್ದು ಅಲ್ಲೇ. ಅಷ್ಟು ದಿನದಲ್ಲಿ ಅವಳು ಬರೆದದ್ದನ್ನು ಓದಿದ ಮೊದಲ ಡಾಕ್ಟರ್ ಅವರು.

ಅಡ್ಮಿಟ್ ಮಾಡಿಕೊಂಡರು. ಹೊತ್ತು ನೋಡಿ ಹಸಿವಿನಲ್ಲಿ ಇರಿಸಿ, ಸಕ್ಕರೆ ಇಳಿದ ಹೊತ್ತಿನಲ್ಲೇ ರಕ್ತ ತೆಗೆದರು. ಸಕ್ಕರೆ ಅಷ್ಟು ಕೆಳಗೆ ಇದ್ದಾಗ ಇನ್ಸುಲಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರಬೇಕು. ಇವಳಲ್ಲಿ ಇತ್ತು. ಹಸಿದ ಮೈ ಕೊಬ್ಬು ಕರಗಿಸಿ ಕೀಟೋನ್ ಅನ್ನುವ ಬದಲಿ ಇಂಧನ ಮಾಡಬೇಕು. ಇವಳಲ್ಲಿ ಆಗಿರಲಿಲ್ಲ, ಇನ್ಸುಲಿನ್ ಅದನ್ನೂ ತಡೆದಿತ್ತು. ಮರುದಿನ ಪಕ್ಕದಲ್ಲೇ ನಿಂತು, ಕೈಗೆ ಡ್ರಿಪ್ಪಿನ ಸೂಜಿ ರೆಡಿ ಇಟ್ಟುಕೊಂಡು, ಬರೀ ಪ್ರೋಟೀನ್ ಕೊಟ್ಟು ನೋಡಿದರು. 82 ಇದ್ದ ಸಕ್ಕರೆ ಒಂದು ಗಂಟೆಯಲ್ಲಿ 44ಕ್ಕೆ ಬಂತು. ಐಸಿನಲ್ಲಿಟ್ಟು ಓಡಿಸಿದ ಅಮೋನಿಯಾ 124. ಮತ್ತೆ ತೆಗೆದರು, 118. ಊಟ ಮಾಡಿದರೂ ಅಷ್ಟೇ, ಹಸಿದಿದ್ದರೂ ಅಷ್ಟೇ.

ಅಮೋನಿಯಾ ಜಾಸ್ತಿ ಅಂದರೆ ಮೊದಲು ನೋಡುವುದು ಲಿವರನ್ನು. ಅಮೋನಿಯಾವನ್ನು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುವ ಕೆಲಸ ಲಿವರಿನದು. ಅದು ಕೆಟ್ಟರೆ ಮೈ ಉಳಿದ ಅಮೋನಿಯಾವನ್ನು ಗ್ಲುಟಮೀನ್ ಅನ್ನುವ ಅಮೈನೋ ಆಮ್ಲದ ಒಳಗೆ ತುಂಬಿ ತುಂಬಿ ಇಡುತ್ತದೆ. ಆಗ ರಕ್ತದಲ್ಲಿ ಗ್ಲುಟಮೀನ್ ಏರುತ್ತದೆ. ಪುಟ್ಟಿಯ ಗ್ಲುಟಮೀನ್ ನೋಡಿದರೆ ಏರಿಯೇ ಇಲ್ಲ, ನಾರ್ಮಲ್ಲಿನ ಕೆಳಗಿನ ಅಂಚಿನಲ್ಲಿದೆ. ಅಷ್ಟು ಅಮೋನಿಯಾ ಇದ್ದರೂ ಮಗು ಆಡಿಕೊಂಡಿದೆ, ವಾಂತಿ ಇಲ್ಲ, ಮಂಪರು ಇಲ್ಲ. ಮೇಡಂ ಆ ರಿಪೋರ್ಟ್ ನೋಡಿದ್ದೇ, "ಯಾವುದು ಅಂತ ನನಗೆ ಗೊತ್ತಾಯ್ತು ಅನ್ಸುತ್ತೆ, ಆದರೂ ಜೀನ್ ನೋಡೋಣ" ಅಂದರು.

ಈ ಗ್ಲುಟಮೀನ್ ಬಗ್ಗೆ ನಾನು ಒಂದಿಷ್ಟು ಹೇಳಲೇಬೇಕು.

ಪ್ರೋಟೀನ್ ಅನ್ನುವುದು ಅಮೈನೋ ಆಮ್ಲಗಳ ಸರ. ನಮ್ಮ ರಕ್ತದಲ್ಲಿ ಸರದಿಂದ ಬಿಡಿಯಾಗಿ ಓಡಾಡುವ ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಗ್ಲುಟಮೀನ್. ಹೆಚ್ಚಾಗಿ ಮಾಂಸಖಂಡದಲ್ಲಿ ತಯಾರಾಗಿ ಕರುಳು, ಮೂತ್ರಪಿಂಡ, ರೋಗನಿರೋಧಕ ಕಣಗಳು ಹೀಗೆ ಬೇಕಾದ ಕಡೆಗೆಲ್ಲ ಹೋಗುತ್ತದೆ. ಅದರ ಮೈಯಲ್ಲಿ ಎರಡು ಸಾರಜನಕ ಇರುತ್ತವೆ. ಎರಡು ಮೂಟೆ ಹೊತ್ತ ಲಾರಿ ಅಂದುಕೊಳ್ಳಿ. ಕಣದೊಳಗೆ ಮೈಟೋಕಾಂಡ್ರಿಯ ಅನ್ನುವ ಎಂಜಿನ್ ಮನೆಗೆ ಅದು ಬಂದಾಗ ಗ್ಲುಟಮಿನೇಸ್ ಅನ್ನುವ ಕಿಣ್ವ ಒಂದು ಮೂಟೆ ಇಳಿಸುತ್ತದೆ. ಇಳಿದ ಮೂಟೆಯೇ ಅಮೋನಿಯಾ. ಉಳಿದದ್ದು ಗ್ಲುಟಮೇಟ್. ಗ್ಲುಟಮೀನನ್ನು ಮೈ ಹೀಗೆ ಒಡೆಯುತ್ತದೆ ಅಂತ 1935ರಲ್ಲೇ ತೋರಿಸಿದವರು ಹ್ಯಾನ್ಸ್ ಕ್ರೆಬ್ಸ್ ಅನ್ನುವ ವಿಜ್ಞಾನಿ. ಎರಡು ವರ್ಷದ ಮೇಲೆ, 1937ರಲ್ಲಿ, ಪಠ್ಯಪುಸ್ತಕದಲ್ಲಿ ನಾವೆಲ್ಲ ಓದಿದ, ಕಣ ಇಂಧನ ಉರಿಸಿ ಶಕ್ತಿ ಮಾಡುವ ಕ್ರೆಬ್ಸ್ ಚಕ್ರ ಅವರದೇ.

ಎರಡನೇ ಮೂಟೆ ಇಳಿಸುವ ಕಿಣ್ವದ ಹೆಸರು ಗ್ಲುಟಮೇಟ್ ಡಿಹೈಡ್ರೋಜಿನೇಸ್. ಉದ್ದ ಹೆಸರು, ಜಿಡಿಎಚ್ ಅನ್ನುತ್ತಾರೆ. ಇದು ಇರುವುದೂ ಮೈಟೋಕಾಂಡ್ರಿಯದ ಒಳಗೆ. ಗ್ಲುಟಮೇಟಿನಿಂದ ಸಾರಜನಕ ಕಿತ್ತು ಅಮೋನಿಯಾ ಮಾಡಿ ಬಿಡುತ್ತದೆ. ಉಳಿಯುವ ಆಲ್ಫಾ ಕೀಟೊಗ್ಲುಟರೇಟ್ ಸೀದಾ ಕ್ರೆಬ್ಸ್ ಚಕ್ರದೊಳಗೆ ಹೋಗಿ ಉರಿಯುತ್ತದೆ. ಅಂದರೆ ಗ್ಲುಟಮೀನನ್ನು ಇಂಧನ ಮಾಡುವ ದಾರಿಯಲ್ಲಿ ಜಿಡಿಎಚ್ ಒಂದು ವಾಲ್ವ್. ತೆರೆದರೆ ಇಂಧನ ಒಳಗೆ, ಅಮೋನಿಯಾ ಹೊರಗೆ.

ವಾಲ್ವ್ ಅಂದ ಮೇಲೆ ಅದನ್ನು ಮುಚ್ಚುವವರು ಯಾರು? ಮೇಡಂ ಇಲ್ಲಿಗೆ ಬಂದಾಗ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಯಾಕಂದರೆ ಮುಂದಿನದು ನನ್ನ ದಿನನಿತ್ಯದ ಕೆಲಸ.

ಡೀಸೆಲ್ ಪಂಪಿನಲ್ಲಿ ಗವರ್ನರ್ ಅಂತ ಒಂದು ಭಾಗ ಇರುತ್ತದೆ. ಹಳೆಯ ಪಂಪುಗಳಲ್ಲಿ ಎರಡು ಕಬ್ಬಿಣದ ಗುಂಡು, ಸ್ಪ್ರಿಂಗು. ಎಂಜಿನ್ ಜೋರಾಗಿ ತಿರುಗಿದರೆ ಗುಂಡುಗಳು ಅಗಲ ಆಗುತ್ತವೆ, ಡೀಸೆಲ್ ಅಳತೆಯ ಸಲಾಕೆಯಾದ ರ್‍ಯಾಕನ್ನು ಹಿಂದಕ್ಕೆ ಎಳೆಯುತ್ತವೆ, ಡೀಸೆಲ್ ಕಡಿಮೆ ಆಗುತ್ತದೆ. ಎಂಜಿನ್ನಿನ ವೇಗವೇ ಎಂಜಿನ್ನಿನ ಇಂಧನವನ್ನು ಕಡಿಮೆ ಮಾಡುತ್ತದೆ. ಟೆಸ್ಟ್ ಬೆಂಚಿನಲ್ಲಿ ಸಾಲಾಗಿ ಗಾಜಿನ ಕೊಳವೆಗಳಿವೆ, ಒಂದೊಂದು ಲೈನಿನಿಂದ ಎಷ್ಟು ಬೀಳುತ್ತದೆ ಅಂತ ಅಳೆಯಲು. ವೇಗ ಏರಿಸುತ್ತಾ ಹೋದರೆ ಒಂದು ಹಂತಕ್ಕೆ ಕೊಳವೆಗೆ ಬೀಳುವುದು ತೆಳ್ಳಗಾಗಿ ನಿಂತೇಹೋಗಬೇಕು. ನಿಲ್ಲದಿದ್ದರೆ ಆ ಪಂಪನ್ನು ನಾನು ಗಿರಾಕಿಯ ಕೈಗೆ ಕೊಡುವುದಿಲ್ಲ. ಗವರ್ನರ್ ಕಚ್ಚಿಕೊಂಡ ಎಂಜಿನ್ ಕೀ ತಿರುಗಿಸಿದರೂ ನಿಲ್ಲದೆ ಕಿರುಚುತ್ತಾ ಏರುವುದನ್ನು ನಾನು ಎರಡು ಸಲ ನೋಡಿದ್ದೇನೆ. ಹತ್ತಿರ ನಿಂತವರ ಎದೆ ನಡುಗುತ್ತದೆ.

ಜಿಡಿಎಚ್‌ಗೆ ಗವರ್ನರ್ ಜಿಟಿಪಿ ಅನ್ನುವ ಅಣು. ಕಣದಲ್ಲಿ ಶಕ್ತಿ ಚೆನ್ನಾಗಿದ್ದರೆ ಜಿಟಿಪಿ ತುಂಬಿರುತ್ತದೆ, ಅದು ಹೋಗಿ ಜಿಡಿಎಚ್ ಮೇಲೆ ಕೂತು ವಾಲ್ವ್ ಮುಚ್ಚುತ್ತದೆ. ಶಕ್ತಿ ಕಡಿಮೆಯಾದಾಗ ಎಡಿಪಿ ಅನ್ನುವ ಇನ್ನೊಂದು ಅಣು ಏರುತ್ತದೆ, ಅದು ತೆರೆಸುತ್ತದೆ. ಇನ್ನೊಂದು ತೆರೆಸುವ ಕೈ ಲ್ಯೂಸೀನ್. ಇದು ಹಾಲು, ಮೊಸರು, ಬೇಳೆ, ಮೊಟ್ಟೆಯಲ್ಲೆಲ್ಲ ಇರುವ ಅಮೈನೋ ಆಮ್ಲ. ಪ್ರೋಟೀನ್ ಊಟ ಬಂತು ಅಂತ ಮೈಗೆ ಸುದ್ದಿ ಮುಟ್ಟಿಸುವ ಹಾಗೆ ಅದು ಜಿಡಿಎಚ್‌ನ ಬಾಗಿಲು ತಟ್ಟುತ್ತದೆ.

ಇನ್ಸುಲಿನ್ ಮಾಡುವ ಬೀಟಾ ಕಣಗಳಲ್ಲೂ ಈ ಜಿಡಿಎಚ್ ಇದೆ. ಆ ಕಣ ರಕ್ತದ ಸಕ್ಕರೆಯನ್ನು ನೇರವಾಗಿ ನೋಡುವುದಿಲ್ಲ, ತನ್ನೊಳಗೆ ಎಷ್ಟು ಶಕ್ತಿ ಹುಟ್ಟಿತು ಅಂತ ನೋಡುತ್ತದೆ. ಶಕ್ತಿ ಏರಿದರೆ ಪೊಟ್ಯಾಸಿಯಮ್ ಹೊರಗೆ ಹೋಗುವ ಒಂದು ತೂಬು ಮುಚ್ಚುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಇನ್ಸುಲಿನ್ ಹೊರಗೆ ಬೀಳುತ್ತದೆ. ಸಾಮಾನ್ಯವಾಗಿ ಆ ಶಕ್ತಿ ಸಕ್ಕರೆಯಿಂದ ಬಂದದ್ದು, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಗ್ಲುಟಮೀನ್ ರಕ್ತದಲ್ಲಿ ಎಷ್ಟಿದ್ದರೂ ಅದೊಂದರಿಂದಲೇ ಇನ್ಸುಲಿನ್ ಬೀಳುವುದಿಲ್ಲ, ಯಾಕಂದರೆ ಜಿಟಿಪಿ ವಾಲ್ವನ್ನು ಹಿಡಿದಿದೆ.

ಪುಟ್ಟಿಯ ಜಿಡಿಎಚ್ ಜಿಟಿಪಿಯ ಮಾತು ಕೇಳುವುದಿಲ್ಲ. ಗವರ್ನರ್ ಇದೆ, ರ್‍ಯಾಕ್ ಕೈಗೆ ಸಿಗುತ್ತಿಲ್ಲ. ಹಾಗಾಗಿ ಹಸಿದಾಗಲೂ ಗ್ಲುಟಮೀನ್ ಸ್ವಲ್ಪ ಸ್ವಲ್ಪ ಉರಿಯುತ್ತದೆ, ಬೀಟಾ ಕಣ "ಸಕ್ಕರೆ ಸಾಕಷ್ಟಿದೆ" ಅಂದುಕೊಳ್ಳುತ್ತದೆ. ಅದರ ಮೇಲೆ ಬೇಳೆ, ಮೊಸರಿನ ಲ್ಯೂಸೀನ್ ಬಂದರೆ ವಾಲ್ವ್ ಇನ್ನೂ ಅಗಲ ತೆರೆಯುತ್ತದೆ. ಇನ್ಸುಲಿನ್ ಸುರಿಯುತ್ತದೆ, ಇದ್ದ ಸಕ್ಕರೆಯೂ ಹೋಗುತ್ತದೆ. ಇಂಥದೇ ಬದಲಾವಣೆಯನ್ನು ಇಲಿಗಳಲ್ಲಿ ಮಾಡಿ ನೋಡಿದ್ದಾರೆ, ಆ ಬೀಟಾ ಕಣಗಳಿಗೆ ಬರೀ ಗ್ಲುಟಮೀನ್ ಕೊಟ್ಟರೂ ಇನ್ಸುಲಿನ್ ಬಿಟ್ಟವು. ಅಮೋನಿಯಾ ಜಾಸ್ತಿ ಇರುವುದೂ ಇದೇ ವಾಲ್ವಿನಿಂದ. ಮೊದಲು ಲಿವರಿನದೇ ತಪ್ಪು ಅಂದುಕೊಂಡಿದ್ದರಂತೆ, ಈಗ ಮೂತ್ರಪಿಂಡ ಜಾಸ್ತಿ ಗ್ಲುಟಮೀನ್ ಒಡೆದು ಅಮೋನಿಯಾ ರಕ್ತಕ್ಕೆ ಬಿಡುತ್ತದೆ ಅನ್ನುವ ಕಡೆ ವಾಲಿದ್ದಾರೆ ಅಂತ ಮೇಡಂ ಹೇಳಿದರು. ಹೆಚ್ಚು ಹೊಗೆ ಬಂದರೆ ನಾವು ಸೈಲೆನ್ಸರ್ ಬಿಚ್ಚುವುದಿಲ್ಲ, ಇಂಧನ ಎಲ್ಲಿ ಜಾಸ್ತಿ ಹೋಗುತ್ತಿದೆ ಅಂತ ನೋಡುತ್ತೇವೆ, ಅಲ್ವಾ.

ಜೀನ್ ರಿಪೋರ್ಟ್ ಬರಲು ಐದು ವಾರ ಹಿಡಿಯಿತು. 2019ರ ಡಿಸೆಂಬರ್. ಜಿಡಿಎಚ್ ಮಾಡಿಸುವ ಜೀನಿನ ಹೆಸರು ಜಿಎಲ್‌ಯುಡಿ1, ಇರುವುದು ಹತ್ತನೇ ಕ್ರೋಮೋಸೋಮಿನಲ್ಲಿ. ಕಿಣ್ವದ ಸರದ 498ನೇ ಜಾಗದಲ್ಲಿ ಸೆರೀನ್ ಅನ್ನುವ ಅಮೈನೋ ಆಮ್ಲ ಇರಬೇಕಿತ್ತು, ಲ್ಯೂಸೀನ್ ಕೂತಿದೆ. ಒಂದೇ ಒಂದು ಅಕ್ಷರದ ತಪ್ಪು.

ಆ ರಾತ್ರಿ ನಾನು ನೆಟ್‌ನಲ್ಲಿ ಹುಡುಕುತ್ತಾ ಕೂತೆ. ಎಲ್ಲ ಕಡೆ 445 ಅಂತ ಇತ್ತು, 498 ಇಲ್ಲ. ಬೇರೆ ಮಗುವಿನ ರಿಪೋರ್ಟ್ ಕೊಟ್ಟುಬಿಟ್ಟರಾ ಅಂತ ಎದೆ ಹೊಡೆದುಕೊಂಡಿತು. ಬೆಳಿಗ್ಗೆ ಫೋನ್ ಮಾಡಿದರೆ ಮೇಡಂ ಸಮಾಧಾನವಾಗಿ ಹೇಳಿದರು. ಈ ಕಿಣ್ವ ತಯಾರಾದಾಗ 558 ಅಮೈನೋ ಆಮ್ಲಗಳ ಸರ. ಮೊದಲ 53 ಬರೀ ವಿಳಾಸದ ಚೀಟಿ, "ಮೈಟೋಕಾಂಡ್ರಿಯಕ್ಕೆ ಒಯ್ಯಿರಿ" ಅಂತ. ಒಳಗೆ ಸೇರಿದ ಮೇಲೆ ಆ ಚೀಟಿ ಕತ್ತರಿಸಿ ಎಸೆಯುತ್ತಾರೆ. ಹಳೆಯವರು ಚೀಟಿ ಬಿಟ್ಟು ಎಣಿಸಿದರು, ಹೊಸಬರು ಸೇರಿಸಿ ಎಣಿಸುತ್ತಾರೆ. 498ರಲ್ಲಿ 53 ಕಳೆದರೆ 445. ಎರಡೂ ಒಂದೇ ಜಾಗ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಪಾರ್ಸಲ್ ಚೀಟಿ ನೋಡಿ ನೋಡಿ ಬೆಳೆದವನು ನಾನು. ಜೀವಕಣವೂ ಹೀಗೇ ಕೆಲಸ ಮಾಡುತ್ತದೆ ಅಂತ ತಿಳಿದು ಅವತ್ತು ಅಂಗಡಿಯಲ್ಲಿ ಸುಮ್ಮನೆ ಕೂತುಬಿಟ್ಟೆ.

ಆಮೇಲೆ ಓದುತ್ತಾ ಹೋದೆ. ಅಮೈನೋ ಆಮ್ಲಗಳಿಂದ, ಅದರಲ್ಲೂ ಲ್ಯೂಸೀನಿನಿಂದ, ಕೆಲವು ಮಕ್ಕಳ ಸಕ್ಕರೆ ಬೀಳುತ್ತದೆ ಅಂತ ಕಾಕ್ರೇನ್ ಮತ್ತು ಅವರ ಜೊತೆಗಾರರು 1956ರಲ್ಲೇ ಬರೆದಿದ್ದರು. ಯಾಕೆ ಅನ್ನುವುದು ಮಾತ್ರ ತಿಳಿದಿರಲಿಲ್ಲ. 1998ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಚಾರ್ಲ್ಸ್ ಸ್ಟ್ಯಾನ್ಲಿ ಮತ್ತು ಅವರ ತಂಡ, ಸಕ್ಕರೆ ಕಡಿಮೆ ಮತ್ತು ಅಮೋನಿಯಾ ಜಾಸ್ತಿ ಎರಡೂ ಒಟ್ಟಿಗೆ ಇರುವ ಮಕ್ಕಳಲ್ಲಿ ಜಿಡಿಎಚ್ ಜೀನಿನ ತಪ್ಪುಗಳನ್ನು ಹಿಡಿದರು. ನಲವತ್ತೆರಡು ವರ್ಷ. ಆ ನಡುವೆ ಎಷ್ಟು ಮನೆಗಳಲ್ಲಿ ಎಷ್ಟು ಅಜ್ಜಿಯರು ಮಗು ಗಟ್ಟಿಯಾಗಲಿ ಅಂತ ಇನ್ನೊಂದು ಚಮಚ ಪ್ರೋಟೀನ್ ಉಣಿಸಿದ್ದರೋ.

ಈ ಕಿಣ್ವದ ಆಕಾರದ ಚಿತ್ರವನ್ನೂ ನೋಡಿದೆ. ಒಂದೇ ತರದ ಆರು ತುಂಡು ಸೇರಿ ಒಂದು ಗುಂಪು. ಮೇಲೆ ಮೂರು, ಕೆಳಗೆ ಮೂರು ಕೊಂಬಿನ ಹಾಗೆ ಚಾಚಿಕೊಂಡು ಒಂದಕ್ಕೊಂದು ಹೆಣೆದಿವೆ. ಅದಕ್ಕೆ ಆಂಟೆನಾ ಅನ್ನುತ್ತಾರೆ. ಬ್ಯಾಕ್ಟೀರಿಯಾದ ಜಿಡಿಎಚ್‌ಗೆ ಈ ಆಂಟೆನಾ ಇಲ್ಲ. ಜಿಟಿಪಿ ಬೇಡ ಅಂದದ್ದು ಒಂದು ತುಂಡಿನಿಂದ ಇನ್ನೊಂದಕ್ಕೆ ತಲುಪಲು ಅದು ಬೇಕು. ಪುಟ್ಟಿಯ ತಪ್ಪು ಅಕ್ಷರ ಇರುವುದು ಆ ಆಂಟೆನಾದ ಬುಡದ ಕಡೆ. ಮನುಷ್ಯರಲ್ಲೂ ಬಾಲವಿಲ್ಲದ ವಾನರಗಳಲ್ಲೂ ಮಾತ್ರ ಇದೇ ಕಿಣ್ವದ ಇನ್ನೊಂದು ಪ್ರತಿ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಮಿದುಳಿನಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಜಿಟಿಪಿ ಲಗಾಮು ಹುಟ್ಟಿನಿಂದಲೇ ಸಡಿಲ. ಒಂದು ಕಡೆ ಬೇಕಾದ ಗುಣ ಇನ್ನೊಂದು ಕಡೆ ಕಾಯಿಲೆ. ನನಗೆ ಇದು ದೊಡ್ಡ ಆಶ್ಚರ್ಯ.

ಔಷಧಿ ಡಯಾಜಾಕ್ಸೈಡ್. ಮೊದಲು ಬಿಪಿಗೆ ಅಂತ ಬಂದದ್ದು. ತೆಗೆದುಕೊಂಡವರ ಸಕ್ಕರೆ ಏರಿತು, ಆ ಅಡ್ಡಪರಿಣಾಮವೇ ಇಂಥ ಮಕ್ಕಳಿಗೆ ಮದ್ದಾಯಿತು. ಬೀಟಾ ಕಣದ ಆ ಪೊಟ್ಯಾಸಿಯಮ್ ತೂಬನ್ನು ಇದು ತೆರೆದು ಹಿಡಿಯುತ್ತದೆ. ಜಿಡಿಎಚ್ ಏನೇ ಕೂಗಿದರೂ ಇನ್ಸುಲಿನ್ ಬೀಳುವುದಿಲ್ಲ. ಗವರ್ನರ್ ರಿಪೇರಿ ಆಗಿಲ್ಲ, ಅಮೋನಿಯಾ ಈಗಲೂ ನೂರರ ಮೇಲೇ ಇದೆ. ಆದರೆ ಮಗು ಬೀಳುತ್ತಿಲ್ಲ. ತೂಬೇ ಕೆಟ್ಟು ಹುಟ್ಟಿದ ಮಕ್ಕಳಿಗೆ ಬಹಳ ಸಲ ಈ ಔಷಧಿ ಹಿಡಿಯುವುದಿಲ್ಲ. ನಮ್ಮ ಪುಣ್ಯಕ್ಕೆ ಜಿಡಿಎಚ್ ಮಕ್ಕಳಿಗೆ ಚೆನ್ನಾಗಿ ಹಿಡಿಯುತ್ತದೆ.

ಊರಿನ ಔಷಧಿ ಅಂಗಡಿಗಳಲ್ಲಿ ನಮಗೆ ಅದು ಸಿಗಲಿಲ್ಲ, ಬೆಂಗಳೂರಿನಿಂದ ತರಿಸಬೇಕಿತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಮನೆಯಲ್ಲಿ ಹನ್ನೊಂದು ದಿನದ ಔಷಧಿ ಉಳಿದಿತ್ತು. ಬಸ್ಸಿಲ್ಲ, ರೈಲಿಲ್ಲ, ಕೊರಿಯರ್ ಇಲ್ಲ. ನನ್ನ ಹತ್ತಿರ ಪಂಪ್ ಮಾಡಿಸುವ ಒಬ್ಬ ಲಾರಿ ಡ್ರೈವರಣ್ಣ ತರಕಾರಿ ಲೋಡ್ ಇಳಿಸಿ ವಾಪಸ್ ಬರುವಾಗ ಬೆಂಗಳೂರಿನಲ್ಲಿ ಆ ಪೊಟ್ಟಣ ಇಸಕೊಂಡು, ಸೀಟಿನ ಹಿಂದೆ ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡು ತಂದ. ಬೈಪಾಸಿನಲ್ಲಿ ರಾತ್ರಿ ಎರಡು ಗಂಟೆಗೆ ಕೈಗೆ ಕೊಟ್ಟ. ದುಡ್ಡು ಕೊಡಲು ಹೋದರೆ "ಮಗೂದು ಔಷಧಿ ತಂದಿದ್ದಕ್ಕೆ ಬಾಡಿಗೆ ಇಸ್ಕೊಂತೀನೇನಣ್ಣ" ಅಂದ. ಆ ಲಾರಿಯ ಪಂಪು ಈಗಲೂ ನಾನೇ ನೋಡುತ್ತೇನೆ.

ಈ ಔಷಧಿಗೆ ಮೈಮೇಲೆ ಕೂದಲು ಬರುತ್ತದೆ. ಪುಟ್ಟಿಯ ಹಣೆ, ಬೆನ್ನು, ತೋಳಿನ ಮೇಲೆ ಕಪ್ಪಗೆ ನವಿರು. ಶಾಲೆಯಲ್ಲಿ ಯಾರೋ ಏನೋ ಅಂದರು, ಎರಡು ದಿನ ಅತ್ತಳು. ಹೆಂಡತಿ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ಇದು ನಿನ್ನ ಔಷಧಿ ಕೆಲಸ ಮಾಡ್ತಿದೆ ಅನ್ನೋ ಗುರುತು" ಅಂದಳು. ಅವತ್ತಿನಿಂದ ಯಾರಾದರೂ ಕೇಳಿದರೆ ಅವಳೇ ಹೇಳುತ್ತಾಳೆ, "ಔಷಧಿ ಕೂದಲು" ಅಂತ. ಗ್ರೀನ್ ಟೀಯಲ್ಲಿರುವ ಒಂದು ಅಂಶ ಜಿಡಿಎಚ್ ಅನ್ನು ತಡೆಯುತ್ತದೆ ಅಂತ ನೆಂಟರೊಬ್ಬರು ವಾಟ್ಸಾಪಿನಲ್ಲಿ ಕಳಿಸಿದ್ದರು. ಪ್ರಯೋಗಶಾಲೆಯಲ್ಲಿ ಅದು ನಿಜವೂ ಹೌದು. ಆದರೆ ಮಗುವಿಗೆ ಕುಡಿಸಬೇಡಿ ಅಂತ ಮೇಡಂ ಖಡಾಖಂಡಿತವಾಗಿ ಹೇಳಿದರು. ಕುಡಿಸಿಲ್ಲ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಪುಟ್ಟಿ ಈಗಲೂ ಒಂದು ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಜಿಡಿಎಚ್ ಮಿದುಳಿನಲ್ಲೂ ಇದೆ. 445ರಲ್ಲಿ ತಪ್ಪಿರುವ ಮಕ್ಕಳಲ್ಲಿ ಸಕ್ಕರೆ ಸರಿ ಇದ್ದಾಗಲೂ ಕೆಲವು ಸೆಕೆಂಡ್ ಶೂನ್ಯ ನೋಡುವ ಫಿಟ್ಸ್ ಬರಬಹುದು, ಇವಳಿಗೂ ಇದೆ. ಹಾಗಾಗಿ ಮೊದಲ ಡಾಕ್ಟರ್ ಪೂರ್ತಿ ತಪ್ಪಲ್ಲ. ನನ್ನ ಸಂಕಟ ಒಂದೇ. ಹದಿನಾಲ್ಕು ತಿಂಗಳಲ್ಲಿ ಮಗು ಬಿದ್ದ ಹೊತ್ತಿನಲ್ಲೇ ಯಾರಾದರೂ ಒಂದು ಹನಿ ರಕ್ತ ನೋಡಿದ್ದರೆ! ಪಟ್ಟಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ. ಅವಳು ನಡೆಯಲು, ಮಾತಾಡಲು ತಡವಾದದ್ದರಲ್ಲಿ ಆ ತಿಂಗಳುಗಳ ಪಾಲೆಷ್ಟು ಅಂತ ನಾನು ರಾತ್ರಿ ಲೆಕ್ಕ ಹಾಕುತ್ತೇನೆ. ಲೆಕ್ಕ ಮುಗಿಯುವುದಿಲ್ಲ. ಮಗು ಊಟ ಆಗಿ ಗಂಟೆಯೊಳಗೆ ಬೆವರಿ ಬಿದ್ದರೆ ದಯವಿಟ್ಟು ಆಗಲೇ ಸಕ್ಕರೆ ನೋಡಿಸಿ, ಹತ್ತಿರದ ಆಸ್ಪತ್ರೆಗೆ ಓಡಿ, ಡ್ರಿಪ್ ಹಾಕುವ ಮೊದಲು ರಕ್ತ ತೆಗೆಯಿರಿ ಅಂತ ಕೇಳಿ.

ನನಗಿಂತ ಜಾಸ್ತಿ ಕುಗ್ಗಿದ್ದು ಅವ್ವ. ರಿಪೋರ್ಟಿನ ವಿಷಯ ಹೇಳಿದ ದಿನ ಅವಳು ಊಟ ಮಾಡಲಿಲ್ಲ. "ನಾನೇ ಉಣಿಸಿದೆನಲ್ಲೋ, ನನ್ನ ಕೈಯ್ಯಾರೆ" ಅಂದಳು. ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆ ಮಾಡಿದ್ದರು, ನಮ್ಮಲ್ಲಿ ಆ ತಪ್ಪು ಇರಲಿಲ್ಲ. ಬಹಳ ಮಕ್ಕಳಲ್ಲಿ ಹೀಗೇ, ಹೊಸದಾಗಿ ಆ ಮಗುವಿನಲ್ಲೇ ಹುಟ್ಟುತ್ತದೆ. ಯಾರ ವಂಶದ್ದೂ ಅಲ್ಲ, ಯಾರ ಅಡುಗೆಯದ್ದೂ ಅಲ್ಲ. ನಾನು ಅವ್ವನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಗವರ್ನರ್ ಬಿಚ್ಚಿ ಗುಂಡು, ಸ್ಪ್ರಿಂಗು ಎಲ್ಲ ಕೈಗೆ ಕೊಟ್ಟು ತೋರಿಸಿದೆ. ಇಂಧನ ಹಾಕಿದವರದು ತಪ್ಪಲ್ಲವ್ವ, ಇದು ಎಳೀಲಿಲ್ಲ ಅಷ್ಟೇ ಅಂದೆ. ಅವಳು ಆ ಗುಂಡನ್ನು ತುಂಬ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಈಗ ಪುಟ್ಟಿಯ ತಟ್ಟೆಗೆ ಬಡಿಸುವುದು ಅವಳೇ. ಬೇಳೆಯ ಸೌಟು ಅವಳ ಕೈಯಲ್ಲೇ ಇರುತ್ತದೆ, ಅನ್ನ ಅರ್ಧ ಖಾಲಿಯಾಗುವ ತನಕ ಕೆಳಗೆ ಇಳಿಯುವುದಿಲ್ಲ. ಅನ್ನದ ಸಕ್ಕರೆ ಮೊದಲು ರಕ್ತಕ್ಕೆ ಬಂದರೆ ಆಮೇಲೆ ಬರುವ ಪ್ರೋಟೀನಿನ ಪೆಟ್ಟು ತಡೆಯುತ್ತದೆ ಅಂತ ಮೇಡಂ ಹೇಳಿದ್ದನ್ನು ಅವ್ವ ನಮಗಿಂತ ಚೆನ್ನಾಗಿ ಹಿಡಿದುಕೊಂಡಿದ್ದಾಳೆ.

ಕಳೆದ ತಿಂಗಳು ಹರಿಹರದಲ್ಲಿ ನೆಂಟರ ಮದುವೆ. ಪುಟ್ಟಿಗೆ ಈಗ ಎಂಟು. ತನ್ನ ಓರಗೆಯ ಮಕ್ಕಳ ಜೊತೆ ಕೂರುತ್ತೇನೆ ಅಂದಳು, ನಾವು ಎದುರು ಸಾಲಿನಲ್ಲಿ ಕೂತೆವು. ಎಲೆ ಹಾಕಿದರು. ಉಪ್ಪು, ಉಪ್ಪಿನಕಾಯಿ, ಹೆಸರುಬೇಳೆ ಕೋಸಂಬರಿ, ಮಡಕೆಕಾಳಿನ ಪಲ್ಯ. ಅಕ್ಕಪಕ್ಕದ ಮಕ್ಕಳು ಕೋಸಂಬರಿ ಆಗಲೇ ಖಾಲಿ ಮಾಡಿದ್ದವು. ನನ್ನ ಹೆಂಡತಿ ಏಳಲು ಹೋದಳು, ನಾನು ಕೈ ಹಿಡಿದು ಕೂರಿಸಿದೆ. ಪುಟ್ಟಿ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬಡಿಸುವ ಹುಡುಗ ಬಗ್ಗಿ ಕೇಳಿದ, "ಯಾಕವ್ವ, ಕೋಸಂಬರಿ ಮುಟ್ಟೇ ಇಲ್ಲ, ಚೆನ್ನಾಗಿಲ್ವಾ?"

"ಅನ್ನ ಬರಲಿ ಅಣ್ಣ" ಅಂದಳು.

ಅವನು ಒಂದು ಕ್ಷಣ ನೋಡಿದ. ಆಮೇಲೆ ಸಾಲಿನ ತುದಿಗೆ ಕೂಗಿದ, "ಏಯ್, ಇಲ್ಲಿಗೆ ಮೊದಲು ಅನ್ನ ತಗೊಂಡು ಬಾರಲೇ!"